ಕೊಪ್ಪರಿಗೆಯ ಕಡೆಯಿಂದ

ಮೂರನೇ ಪ್ರಶ್ನೆ, ಐದು ಅಂಕ:
ಎಂಟು ಕಿಲೋ ನೂರು ಗ್ರಾಂ ಒಣ ರಚ್ಚು
ಪೂರ್ತಿ ಉರಿದರೆ ಎಷ್ಟು ಶಾಖ?
ರಚ್ಚೆಂದರೆ ಬರೀ ಸೆಲ್ಯುಲೋಸ್ ಎಂದು ಭಾವಿಸಿ.
ಭಾವಿಸಿ ಅನ್ನುವುದು ನಮ್ಮ ಶಾಸ್ತ್ರದ ಔದಾರ್ಯ.

ಪಾಂಡವಪುರದ ಕಾಲೇಜು, ಡಿಸೆಂಬರು.
ಸ್ಟಾಫ್ ರೂಮಿನ ಕಿಟಕಿಯಿಂದ ಬೆಲ್ಲದ ವಾಸನೆ ಬಂದು
ಕೆಂಪು ಪೆನ್ನಿನ ತುದಿಗೂ ಅಂಟುವ ಕಾಲ.
ನಲವತ್ತೊಂದು ಪತ್ರಿಕೆ, ನಲವತ್ತರಲ್ಲಿ ಒಂದೇ ದಾರಿ:
ನೂರರವತ್ತೆರಡು ಗ್ರಾಮಿಗೆ ಒಂದು ಮೋಲು,
ಹಾಗಾದರೆ ಐವತ್ತು ಮೋಲು,
ಮೋಲಿಗೆ ಎರಡು ಸಾವಿರದ ಎಂಟುನೂರು,
ಒಟ್ಟು ಒಂದು ಲಕ್ಷದ ನಲವತ್ತು ಸಾವಿರ ಕಿಲೋಜೂಲು,
ಎಡಕ್ಕೊಂದು ಮೈನಸ್ಸು, ಕೆಳಗೆರಡು ಗೆರೆ.

ನಲವತ್ತೊಂದನೆಯವನು ಚಲುವರಾಜ.
ಅಂಕಿ ಸರಿ. ಮೈನಸ್ಸಿಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ:
'ಅಷ್ಟು ಬರಲ್ಲ ಮೇಡಂ, ರಚ್ಚು ಒಸಿ ಹಸಿ ಇರ್ತದೆ.'

ಅರ್ಧ ಅಂಕ ಕಳೆದೆ.
ಕಳೆದದ್ದು ಉಗುರಸಂದಿಯ ಸಿಬಿರಿನ ಹಾಗೆ
ಸಂಜೆಯವರೆಗೂ ಇತ್ತು.

ಐದೂವರೆ ಬಸ್ಸು ತಪ್ಪಿತು.
ಚಿನಕುರಳಿ ದಿಕ್ಕಿಗೆ ಸೈಕಲ್ಲು ತಳ್ಳಿಕೊಂಡು ಹೊರಟಿದ್ದವನು
ನಿಂತ. 'ಇಲ್ಲೇ ಮೇಡಂ, ಮಾವನ ಆಲೆಮನೆ,
ನೋಡ್ಕಂಡ್ ಹೋಗಿ.'

ಉರಿ ಹಾಕುವ ಜವರಪ್ಪ ಮಾತಾಡುವವನಲ್ಲ.
ಒಂದು ತೆಕ್ಕೆ ರಚ್ಚು,
ಒಂದು ಗಳಿಗೆ ಬಿಡುವು,
ಮತ್ತೊಂದು ತೆಕ್ಕೆ.
ಬಿಡುವು ಯಾಕೆಂದು ಕೇಳಿದೆ.
'ಅದೂ ಉಸುರಾಡ್ಬೇಕಲ್ಲವ್ವ.'

ನಿಂತಲ್ಲೇ ಲೆಕ್ಕ ಹಾಕಿದೆ, ಚಟ:
ಐವತ್ತು ಮೋಲಿಗೆ ಮುನ್ನೂರು ಮೋಲು ಆಮ್ಲಜನಕ,
ಒಂಬತ್ತು ಕಿಲೋ ಆರುನೂರು ಗ್ರಾಂ.
ತೆಕ್ಕೆಯಲ್ಲಿ ಹೊತ್ತು ತಂದದ್ದಕ್ಕಿಂತ ಹೆಚ್ಚಿನ ತೂಕ
ಯಾರೂ ಹೊರದೆ, ಯಾರೂ ತೂಗದೆ
ಅವನ ಆ ಬಿಡುವಿನ ಸಂದಿಯಲ್ಲಿ ನುಗ್ಗುತ್ತಿತ್ತು.
ಮೊದಲು ಮುಗಿಯುವುದೇ ಮಿತಿ ಹಾಕುತ್ತದೆ ಎಂದು
ಹದಿನೇಳು ವರ್ಷ ಪಾಠ ಹೇಳಿದ್ದೇನೆ.
ತುರುಕಿದರೆ ಗಾಳಿ ಸಾಲದು, ಹೊಗೆ ಕಪ್ಪಾಗುತ್ತದೆ;
ಜವರಪ್ಪ ತಲೆಯೆತ್ತಿ ಚಿಮಣಿ ನೋಡುತ್ತಾನೆ,
ಅಷ್ಟೇ ಅವನ ಸಮೀಕರಣ.

ಅದೇ ಉರಿಯಲ್ಲಿ ನಾಲ್ಕೂವರೆ ಕಿಲೋ ನೀರು ಹುಟ್ಟುತ್ತದೆ.
ಬೆಂಕಿಯಲ್ಲಿ ನೀರು!
ಎಷ್ಟು ಸಲ ಬೋರ್ಡಿನ ಬಲಗಡೆ ಬರೆದು
ಡಸ್ಟರಿನಲ್ಲಿ ಒರೆಸಿದ್ದೇನೆ,
ಒಂದು ಸಲವೂ ಬೆರಗಾಗದೆ.

ಹಬೆಯ ಆಚೆ ಚಲುವರಾಜ
ಜಾಲಿಸೌಟಿನಲ್ಲಿ ಮಡ್ಡಿ ಎತ್ತುತ್ತಿದ್ದ.
ಮೈನಸ್ ಯಾಕೋ ಬಿಟ್ಟೆ, ಗಾಣದ ಸದ್ದಿನ ಮೇಲೆ ಕೂಗಿದೆ.
ಅಲ್ಲಿಂದಲೇ ಕೂಗಿದ:
'ಒಲೆ ಕಳ್ಕತದೆ ಮೇಡಂ, ಅದ್ಕೆ ಮೈನಸ್ಸು.
ಕೊಪ್ಪರಿಗೆಗೆ ಸಿಗ್ತದೆ.
ನಾನು ಈ ಕಡೆ ನಿಂತ್ಕಂಡು ಬರ್ದೆ.'

ವ್ಯವಸ್ಥೆ ಒಂದು ಕಡೆ, ಪರಿಸರ ಒಂದು ಕಡೆ,
ನಡುವೆ ಚಾಕ್‌ಪೀಸಿನ ಚುಕ್ಕಿಗೆರೆ:
ನಾನೇ ಎಳೆದು ತೋರಿಸಿದ್ದು.
ಆ ಗೆರೆಯ ಮೇಲೆ ಜವರಪ್ಪ ಕೂತಿದ್ದ.
ಅವನ ಬಲಮುಂಗೈಯಲ್ಲಿ ಒಂದೂ ಕೂದಲಿಲ್ಲ.
ಒಲೆ ಕಳೆದುಕೊಂಡ, ಕೊಪ್ಪರಿಗೆಗೆ ಸಿಗದ
ಅಷ್ಟು ಕಿಲೋಜೂಲು
ಯಾವ ಕಡೆಗೆ ಬರೆಯಲಿ?

ಪಾಕ ಎಳೆ ಬಂತು. ಕಬ್ಬಿನ ಜಲ್ಲೆಗೆ ಸುತ್ತಿ ಕೊಟ್ಟರು,
ಊದಿಕೊಂಡು ತಿಂದೆ, ನಾಲಿಗೆ ಸುಟ್ಟಿತು,
ಅದೂ ಲೆಕ್ಕಕ್ಕೆ.

ಅರ್ಧ ಅಂಕ ವಾಪಸು ಕೊಡಲಿಲ್ಲ.
ಮಾರ್ಚಿಯಲ್ಲಿ ಪತ್ರಿಕೆ ನೋಡುವವರು
ಆಲೆಮನೆಯಲ್ಲಿ ಕೂತು ನೋಡುವುದಿಲ್ಲ;
ಹುಡುಗ ಒಲೆಯ ಕಡೆಯಿಂದಲೂ ಬರೆಯುವುದು ಕಲಿಯಬೇಕು.
ಹಾಗಂತ ಹೇಳಿದೆ. 'ಆಯ್ತು ಮೇಡಂ' ಅಂದ,
ಒಪ್ಪಿದ ಹಾಗೆ ಕಾಣಲಿಲ್ಲ.

ಏಳೂಕಾಲರ ಮೈಸೂರು ಬಸ್ಸು.
ಸೊನ್ನೆ ರೂಪಾಯಿಯ ಟಿಕೆಟ್ಟಿನ ಬೆನ್ನಿಗೆ
ಮುಂದಿನ ವರ್ಷದ ಪ್ರಶ್ನೆ ಗೀಚಿದೆ:
ರಚ್ಚಿನಲ್ಲಿ ಐದನೇ ಒಂದು ಪಾಲು ನೀರಿದೆ,
ಒಲೆಯ ಮುಂದೆ ಒಬ್ಬ ಮನುಷ್ಯ ಇದ್ದಾನೆ.
ಭಾವಿಸಿ ಎಂದು ಬರೆಯಹೊರಟ ಬೆರಳು
ಕಾಗದಕ್ಕೆ ಅಂಟಿಕೊಂಡಿತು.